ಅಪ್‌ಡೇಟ್: ಟೈರ್ ಹಾಕಿಸ್ದೆ, ಶಿರಾಡಿ ಮಳೆಲೂ ಓಡಿಸ್ದೆ

ಮೇ ತಿಂಗಳಲ್ಲಿ ಕೇಳಿದ್ನಲ್ಲ, ನನ್ನ ಸ್ಕೋಡಾ ಆಕ್ಟೇವಿಯಾ ಕಾರಿಗೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಟೈರ್ ಹಾಕಿಸ್ಲಾ ಇಲ್ಲ ಅದೇ ಕಂಪನಿಯ ಪ್ರೈಮಸಿ 4 ಎಸ್‌ಟಿ ಸಾಕಾ ಅಂತ. ಪೈಲಟ್ ಸ್ಪೋರ್ಟೇ ಹಾಕಿಸ್ದೆ, ಮೊದ್ಲಿದ್ದ ಸೈಜೇ, 225/45 ಆರ್ 17 (ಅಂದ್ರೆ 225 ಎಂಎಂ ಅಗಲ), 4,000 ಕಿಮೀ ಆಯ್ತು. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಮೊದ್ಲು ಮಳೆ ವಿಷ್ಯ. ಜುಲೈನಲ್ಲಿ ಬೆಂಗ್ಳೂರಿಂದ ಮಂಗ್ಳೂರಿಗೆ ಹೋದ್ವಿ, ಸಕಲೇಶಪುರ ದಾಟಿದ್ಮೇಲೆ ಮಳೆ ಅಂದ್ರೆ ಮಳೆ, ಘಾಟಿ ತಿರುವಲ್ಲಿ ಎದುರಿಗೆ ಟ್ಯಾಂಕರ್ ಬಂದಾಗ ಬ್ರೇಕ್ ಒತ್ತಿದೆ, ಗಾಡಿ ಒಂಚೂರೂ ಅಲ್ಲಾಡ್ದೆ ನೆಟ್ಟಗೆ ನಿಂತ್ಕೊಂಡ್ತು, ಹಳೇ ಟೈರಲ್ಲಿ ಇದೇ ಜಾಗದಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯೋ ವ್ಯವಸ್ಥೆ) ಕೆಲ್ಸ ಶುರು ಮಾಡಿ ಕಟಕಟ ಅಂತಿತ್ತು. ಆದ್ರೆ ಹಳೇ ಟೈರಿನ ಗೀರುಗಳ ಆಳ ಸವೆದು 2 ಎಂಎಂಗೆ ಬಂದಿತ್ತು, ಹೊಸ ಟೈರ್ ಯಾವ್ದಾದ್ರೂ ಅದಕ್ಕಿಂತ ಚೆನ್ನಾಗೇ ಇರ್ತಿತ್ತು, ಅದನ್ನೂ ಹೇಳ್ಬೇಕು. ನೀರು ನಿಂತಿರೋ ಕಡೆ ಮಾತ್ರ ಯಾವ ಟೈರ್ ಇದ್ರೂ ಸ್ಪೀಡ್ ಇಳಿಸ್ಲೇಬೇಕು, ಅಗಲ ಟೈರ್ ನೀರಿನ ಮೇಲೆ ಬೇಗ ತೇಲುತ್ತೆ.

ಒಣ ರೋಡಲ್ಲಿ ಸ್ಟೀರಿಂಗ್ ತುಂಬಾ ಚುರುಕಾಗಿದೆ. ಸೈಲೆಂಟಾಗಿರ್ಬೇಕು, ಮೆತ್ತಗೆ ಹೋಗ್ಬೇಕು ಅನ್ನೋರಿಗೆ ಪ್ರೈಮಸಿನೇ ಸರಿ, ಭಾವನ ಗಾಡೀಲಿ ಅದೇ ಇದೆ, ಓಡಿಸಿ ನೋಡಿದೀನಿ.

ಹಾಕಿಸೋವಾಗ ಎರಡು ವಿಷ್ಯ ನೋಡ್ಕೊಳ್ಳಿ. ಟೈರಿನ ಸೈಡಲ್ಲಿ ಡಾಟ್ (DOT) ಅಂತ ಶುರುವಾಗೋ ಕೋಡಿನ ಕೊನೇ 4 ಅಂಕಿ ತಯಾರಾದ ವಾರ, ವರ್ಷ. ಮೊದ್ಲು ಹೋದ ಅಂಗಡೀಲಿ ಎರಡು ವರ್ಷ ಹಳೇದು ಕೊಡೋಕೆ ಬಂದ್ರು, ಬೇಡ ಅಂತ ಎದ್ದು ಬಂದೆ. ಇನ್ನೊಂದು, ಇದ್ರಲ್ಲಿ ಒಳಬದಿ ಹೊರಬದಿ ಬೇರೆ ಬೇರೆ, ಔಟ್‌ಸೈಡ್ ಅಂತ ಬರ್ದಿರೋದು ಹೊರಗೇ ಕಾಣ್ಬೇಕು.

10,000 ಆದ್ಮೇಲೆ ಸವೆತ ಅಳೆದು ಮತ್ತೆ ಬರೀತೀನಿ.