ಕುದುರೆಯೇರಿದ ಅರಸರ ಚಿತ್ರ: ‘ಅಶ್ವಾರೂಢ’ವೋ ‘ಸವಾರಿ’ಯೋ?

ಮಾನ್ಯರೇ,

ಯುರೋಪಿನ ಅರಸರು ಕುದುರೆಯೇರಿ ಬರೆಸಿಕೊಂಡ ಚಿತ್ರಗಳ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಈಕ್ವೆಸ್ಟ್ರಿಯನ್ ಪೋರ್ಟ್ರೇಟ್ ಎಂಬುದಕ್ಕೆ ‘ಅಶ್ವಾರೂಢ ಭಾವಚಿತ್ರ’ ಎಂದರೆ ಅರ್ಥವೇನೋ ತಪ್ಪುವುದಿಲ್ಲ, ಆದರೆ ಆ ಮಾತು ಕುಳಿತ ಭಂಗಿಯನ್ನಷ್ಟೇ ತಿಳಿಸಿ ಸುಮ್ಮನಾಗುತ್ತದೆ.

ನಮ್ಮ ಹಾಸನದ ಕಡೆ ‘ಸವಾರಿ’ ಎಂಬ ಮಾತಿನ ಬಳಕೆಯನ್ನು ಗಮನಿಸಿ. ನಡೆದು ಬರುತ್ತಿರುವ ಯಜಮಾನರನ್ನು ಕಂಡು ‘ಸವಾರಿ ಎತ್ತ ಹೊರಟಿತು?’ ಎಂದು ಕೇಳುತ್ತೇವೆ. ದಬ್ಬಾಳಿಕೆ ನಡೆಸುವವನನ್ನು ‘ನಮ್ಮ ಮೇಲೆ ಸವಾರಿ ಮಾಡುತ್ತಾನೆ’ ಎನ್ನುತ್ತೇವೆ. ಎರಡು ಕಡೆಯೂ ಕುದುರೆ ಇಲ್ಲ, ಆದರೂ ಮೇಲಿರುವವನು ಯಾರು, ಕೆಳಗಿರುವವನು ಯಾರು ಎಂಬುದು ಆ ಪದದಲ್ಲಿ ಉಳಿದುಕೊಂಡಿದೆ. ಚಿತ್ರಕಾರ ವ್ಯಾನ್ ಡೈಕ್ 1633ರಲ್ಲಿ ಬರೆದ, ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ದೊರೆಯ ಚಿತ್ರ ತೋರಿಸುವುದೂ ಇದನ್ನೇ: ದೊರೆ ಬಿಳಿ ಕುದುರೆಯ ಮೇಲಿದ್ದಾನೆ, ಕುದುರೆವಿದ್ಯೆಯಲ್ಲಿ ಪಳಗಿದ ಅವನ ಸವಾರಿ ಶಿಕ್ಷಕ ದೊರೆಯ ಶಿರಸ್ತ್ರಾಣ ಹಿಡಿದು ನೆಲದ ಮೇಲೆ ನಿಂತು ಅವನತ್ತ ತಲೆಯೆತ್ತಿ ನೋಡುತ್ತಿದ್ದಾನೆ. ವಿದ್ಯೆ ಬಲ್ಲವನಿಗೆ ನೆಲ, ದೊರೆಗೆ ಜೀನು. ಇದನ್ನು ‘ಸವಾರಿ ಚಿತ್ರ’ ಎಂದೇ ಕರೆಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ರಾವುತ’ ಇಲ್ಲಿ ಒಪ್ಪದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ತಳಪಟ್ಟಿಕೆಯಲ್ಲಿ ಸಾಲುಗಟ್ಟಿ ಸಾಗುವ, ಹೆಸರಿಲ್ಲದ ಕುದುರೆ ಪಡೆಯವರಿಗೆ ಅದು ಸರಿಯಾದ ಮಾತು.

ಹೆಚ್ಚು ತೊಡಕಾಗಿರುವುದು ‘ಪೌರುಷ’ ಎಂಬ ಮಾತಿನ ಬಳಕೆ ಮತ್ತು ‘ಪ್ರಿವಿಲೇಜ್’ ಎಂಬುದಕ್ಕೆ ಒಪ್ಪುವ ಕನ್ನಡದ ಮಾತು. ಚಿತ್ರಕಾರ ವೆಲಾಸ್ಕೆಸ್ ಸುಮಾರು 1635ರಲ್ಲಿ ಚಿತ್ರಿಸಿದ ಸ್ಪೇನಿನ ರಾಜಕುಮಾರ ಬಾಲ್ತಸಾರ್ ಕಾರ್ಲೋಸ್‌ಗೆ ಆಗ ಐದಾರು ವರ್ಷ. ಮುಂಗಾಲೆತ್ತಿ ಚಿಮ್ಮುವ ಕುದುರೆಯ ಮೇಲೆ, ಕೈಯಲ್ಲಿ ದಂಡ ಹಿಡಿದು, ಸೇನಾಪತಿಯ ಠೀವಿಯಲ್ಲಿ ಕುಳಿತ ಆ ಮಗುವಿನಲ್ಲಿ ‘ಗಂಡಸುತನ’ ಎಲ್ಲಿಂದ ಬರಬೇಕು? ‘ಪೌರುಷ’ವೆಂದರೆ ಮೆರೆದು ತೋರಿಸಿದ್ದು, ಅದೂ ಅಲ್ಲ. ಮಗುವಿಗೆ ಮುಂದೆ ದಕ್ಕಲಿರುವ ಗಂಡಾಳ್ವಿಕೆಯನ್ನು ಚಿತ್ರಕಾರ ಮೊದಲೇ ತೊಡಿಸಿದ್ದಾನೆ.

ಪ್ರಿವಿಲೇಜ್‌ಗೆ ಪತ್ರಿಕೆಗಳಲ್ಲಿ ಕಾಣುವ ‘ವಿಶೇಷಾಧಿಕಾರ’ ಕಾನೂನಿನ ಮಾತು, ‘ಸವಲತ್ತು’ ಸರ್ಕಾರವೋ ಧಣಿಯೋ ಕೊಡುವಂಥದ್ದು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂಬಹುದು. ಈ ಮಗುವಿನದು ಯಾರೋ ಕೊಟ್ಟದ್ದಲ್ಲ, ಹುಟ್ಟಿನ ಜೊತೆಗೇ ಬಂದದ್ದು. ಸದ್ಯಕ್ಕೆ ‘ಹುಟ್ಟುಮೇಲ್ಮೆ’ ಎಂದು ಬರೆದುಕೊಂಡಿದ್ದೇನೆ. ಅದು ಕಟ್ಟಿದ ಮಾತೆಂದು ಕಿವಿಗೆ ಒಡೆದು ಕೇಳಿಸುವುದಾದರೆ, ಈ ಅರ್ಥಕ್ಕೆ ನಿಮ್ಮ ಊರುಮನೆಗಳಲ್ಲಿ ಆಡುವ ಮಾತು ಯಾವುದು, ಅದನ್ನು ಯಾರು ಯಾರನ್ನು ಕುರಿತು ಆಡುತ್ತಾರೆ ಎಂಬುದನ್ನು ಒಂದೆರಡು ವಾಕ್ಯಗಳ ಸಮೇತ ತಿಳಿಸಬೇಕೆಂದು ಕೋರುತ್ತೇನೆ.