ಘನ, ದ್ರವ, ಅನಿಲ: ತರಗತಿಯಲ್ಲಿ ಏನು ಮಾಡಿ ತೋರಿಸುತ್ತೀರಿ?

ಕೇಳಿದವರು (ದಾವಣಗೆರೆ): ಘನಕ್ಕೆ ನಿರ್ದಿಷ್ಟ ಆಕಾರವಿದೆ, ದ್ರವ ಪಾತ್ರೆಯ ಆಕಾರ ಪಡೆಯುತ್ತದೆ, ಅನಿಲ ಇದ್ದ ಜಾಗವನ್ನೆಲ್ಲ ತುಂಬುತ್ತದೆ ಎಂದು ನಮ್ಮ ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಮರಳು ಯಾವುದೆಂದರೆ ಮಾತ್ರ ಅರ್ಧ ತರಗತಿ ದ್ರವ ಎನ್ನುತ್ತದೆ. ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಇದನ್ನು ಹೇಗೆ ಕಲಿಸಿದ್ದೀರಿ?

ನಿವೃತ್ತ ಶಿಕ್ಷಕರು (ಚಿತ್ರದುರ್ಗ): ಮರಳನ್ನು ದ್ರವ ಎನ್ನುವ ಮಕ್ಕಳು ವ್ಯಾಖ್ಯೆಯನ್ನು ಸರಿಯಾಗಿಯೇ ಅನ್ವಯಿಸುತ್ತಿದ್ದಾರೆ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ನೆಲದ ಮೇಲೆ ಮರಳು ಸುರಿದರೆ ಗುಡ್ಡೆಯಾಗಿ ನಿಲ್ಲುತ್ತದೆ, ನೀರು ಹರಡಿಹೋಗುತ್ತದೆ. ಒಂದೇ ಹರಳನ್ನು ಅಂಗೈ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ, ಎಲ್ಲಿಗೆ ಸುರಿದರೂ ಅದರ ಮೂಲೆ ಅಂಚುಗಳು ಹಾಗೆಯೇ ಇರುತ್ತವೆ. ಅನಿಲಕ್ಕೆ ಸೂಜಿ ತೆಗೆದ 10 ಮಿಲಿಲೀಟರಿನ ಸಿರಿಂಜ್ ಸಾಕು. ಗಾಳಿ ತುಂಬಿ ಬಾಯಿಗೆ ಬೆರಳು ಒತ್ತಿಹಿಡಿದು ಹಿಡಿಯನ್ನು ಅದುಮಿದರೆ 5ರ ಗೆರೆಯವರೆಗೂ ಇಳಿಯುತ್ತದೆ. ಆಗ ಒಳಗಿನ ಒತ್ತಡ ಸುಮಾರು ಎರಡರಷ್ಟಾಗುವುದರಿಂದ ಕೈಬಿಟ್ಟೊಡನೆ ಹಿಡಿ ಹಿಂದಕ್ಕೆ ಚಿಮ್ಮುತ್ತದೆ. ನೀರು ತುಂಬಿದ್ದರೆ ಕದಲುವುದೇ ಇಲ್ಲ. ಆದರೆ ನೀರಿನಲ್ಲಿ ಗುಳ್ಳೆ ಉಳಿಯದಂತೆ ನೋಡಿಕೊಳ್ಳಿ, ಇಲ್ಲವಾದರೆ ನೀರೂ ಕುಗ್ಗಿತೆಂದು ವಾದಕ್ಕಿಳಿಯುವ ಹುಡುಗನೊಬ್ಬ ಪ್ರತಿ ತರಗತಿಯಲ್ಲೂ ಇದ್ದೇ ಇರುತ್ತಾನೆ.

ಪ್ರೌಢಶಾಲಾ ಶಿಕ್ಷಕಿ (ದಾವಣಗೆರೆ): ಮೇಲಿನ ಸರ್ ಹೇಳಿದ್ದಕ್ಕೆ ನಮ್ಮ ಊರಿನ ಮಂಡಕ್ಕಿಯನ್ನು ಸೇರಿಸುತ್ತೇನೆ. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದಾಗ, ಮರಳು ಪ್ರತಿ ಕಾಳನ್ನೂ ಸುತ್ತುವರಿದು ಎಲ್ಲ ಕಡೆಯಿಂದ ಒಮ್ಮೆಲೇ ಬಿಸಿ ಮಾಡುತ್ತದೆ. ಕಾಳಿನೊಳಗಿನ ಅಲ್ಪ ತೇವ ಆವಿಯಾಗಿ, ಬಿಸಿಗೆ ಮೆತ್ತಗಾದ ಪಿಷ್ಟವನ್ನು ಉಬ್ಬಿಸುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಸಾಮಾನ್ಯ ಒತ್ತಡದಲ್ಲಿ 1 ಮಿಲಿಲೀಟರ್ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾದರೆ ಸುಮಾರು 1,700 ಮಿಲಿಲೀಟರ್ ಜಾಗ ಹಿಡಿಯುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಒಂದು ಅಕ್ಕಿಕಾಳನ್ನೂ ಒಂದು ಮಂಡಕ್ಕಿಯನ್ನೂ ಅಕ್ಕಪಕ್ಕ ಇಟ್ಟರೆ ನಂಬುತ್ತಾರೆ. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಕೂಡಲೇ ತಿದ್ದಬೇಕು: ನೀರಿನ ಕಣಗಳೇ ದಪ್ಪಗಾದವೆಂದು ಅನೇಕರು ಬರೆಯುತ್ತಾರೆ. ಕಣದ ಗಾತ್ರ ಬದಲಾಗುವುದಿಲ್ಲ, ಕಣಗಳ ನಡುವಿನ ಅಂತರ ಹೆಚ್ಚುತ್ತದೆ. ಭಟ್ಟಿಗೆ ಮಕ್ಕಳನ್ನು ಕರೆದೊಯ್ಯುವ ಯೋಚನೆ ಬೇಡ, ಅಲ್ಲಿನ ಹೊಗೆಯೂ ಬೆಂಕಿಯೂ ಅವರಿಗೆ ತಕ್ಕುದಲ್ಲ.

ಪೋಷಕರು (ಹಿರಿಯೂರು): ಗಾಳಿಗೆ ತೂಕವಿದೆ ಎಂದು ತೋರಿಸಲು ಬಲೂನಿಗಿಂತ ಫುಟ್‌ಬಾಲ್ ಮೇಲು. ಬಲೂನು ಉಬ್ಬಿದಷ್ಟೂ ಹೊರಗಿನ ಗಾಳಿ ಅದನ್ನು ಎತ್ತಿಹಿಡಿಯುವುದರಿಂದ ತೂಕದ ವ್ಯತ್ಯಾಸ ಬಹುಪಾಲು ಮರೆಯಾಗುತ್ತದೆ. ಚೆಂಡು ಗುಂಡಗಾಗುವಷ್ಟು ಮಾತ್ರ ಗಾಳಿ ಇರುವಾಗ ಒಮ್ಮೆ, ಪಂಪ್ ಹೊಡೆದು ಗಟ್ಟಿ ಮಾಡಿದ ಮೇಲೆ ಇನ್ನೊಮ್ಮೆ ತೂಗಿ. ಏರಿಕೆ ಕೆಲವೇ ಗ್ರಾಂ ಆದ್ದರಿಂದ ತರಕಾರಿ ತೂಗುವ ತಕ್ಕಡಿ ಸಾಲದು, ಒಂದೊಂದು ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯೇ ಬೇಕು.