ಪದ ಬೇಕು: ಕಂಪ್ಯೂಟರಿನ ಮುಂಭಾಗದ ಯುಎಸ್‌ಬಿ ವೈರು ಹೋಗಿ ಕೂರುವ ‘ಹೆಡರ್‌’ಗೆ ಏನನ್ನೋಣ?

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ನಾಳೆ ಸಂಜೆ ಹಾಳೆ ಪ್ರಿಂಟಿಗೆ ಹೋಗುತ್ತೆ.

ನಾವು ಓದಿದ ಹೈಸ್ಕೂಲಿಗೆ ಹಳೇ ಹುಡುಗರೆಲ್ಲ ಸೇರಿ ಕಂಪ್ಯೂಟರ್ ಕೊಡಿಸುತ್ತಿದ್ದೇವೆ. ಬಿಡಿಭಾಗ ತಂದು ಮಕ್ಕಳ ಕೈಯಲ್ಲೇ ಜೋಡಿಸುವ ಯೋಚನೆ. ಗೋಡೆಗೆ ಅಂಟಿಸಲು ನಾಲ್ಕು ಹಾಳೆ ಕನ್ನಡದಲ್ಲಿ ಮಾಡುತ್ತಿದ್ದೇನೆ. ಮೂರು ಮುಗಿದವು, ನಾಲ್ಕನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ.

ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರ್ ಪೆಟ್ಟಿಗೆಯ, ಮುಂದೆ ಪೆನ್‌ಡ್ರೈವ್ ಹಾಕುವ ಎರಡು ಪೋರ್ಟ್ ಇರುತ್ತವಲ್ಲ, ಅವುಗಳ ಬೆನ್ನಿನಿಂದ ಒಂದು ವೈರು ಒಳಗೆ ಬಂದು ಮದರ್‌ಬೋರ್ಡಿನ (ಬಿಡಿಭಾಗಗಳೆಲ್ಲ ಕೂರುವ ದೊಡ್ಡ ಹಲಗೆ) ಮೇಲೆ ಎದ್ದು ನಿಂತ ಪಿನ್ನುಗಳ ಮೇಲೆ ಕೂರುತ್ತೆ. ಎರಡು ಸಾಲು. ಒಂದರಲ್ಲಿ ಐದು ಪಿನ್ನು, ಇನ್ನೊಂದರಲ್ಲಿ ನಾಲ್ಕು. ಒಂದು ಮೂಲೆ ಬೇಕಂತಲೇ ಖಾಲಿ, ಉಲ್ಟಾ ಹಾಕಬಾರದು ಅಂತ. ಈ ಒಂಬತ್ತು ಪಿನ್ನಿನ ಗುಂಪಿಗೆ ಇಂಗ್ಲಿಷಿನಲ್ಲಿ ‘ಹೆಡರ್’. ಖಾಲಿ ಮೂಲೆಗೆ ‘ಕೀ’. ಎರಡಕ್ಕೂ ಕನ್ನಡ ಬೇಕು.

ಮಷೀನ್ ಅನುವಾದಕ್ಕೆ ಹಾಕಿ ನೋಡಿದೆ. “ಮುಂಭಾಗದ ಬಂದರನ್ನು ತಾಯಿ ಮಂಡಳಿಯ ಶೀರ್ಷಿಕೆಗೆ ಸಂಪರ್ಕಿಸಿ” ಅಂತ ಬಂತು. ಹಡಗು ಎಲ್ಲಿ ಸಾರ್ ಅಂತ ಮಕ್ಕಳು ಕೇಳುತ್ತಾರೆ.

ಮೈಸೂರಿನಿಂದ:

ಹೆಡರ್‌ಗೆ ‘ಶಿರೋಸಂಪರ್ಕ’. ಮದರ್‌ಬೋರ್ಡಿಗೆ ‘ಮಾತೃಫಲಕ’. ಕ್ಯಾಬಿನೆಟ್ಟಿಗೆ ‘ಸಂಪುಟ’. ನಗಬೇಡಿ. ಸಚಿವ ಸಂಪುಟ ಅಂತ ಪತ್ರಿಕೆಯವರು ದಿನಾ ಬರೆದು ಬರೆದು ನಮಗೆ ಸಂಪುಟ ಅಂದರೆ ಮಂತ್ರಿಗಳೇ ನೆನಪಾಗುತ್ತಾರೆ. ಆದರೆ ಸಂಪುಟ ಅಂದರೆ ಮುಚ್ಚಳವಿರುವ ಕರಡಿಗೆ, ಪೆಟ್ಟಿಗೆ. ಇದಕ್ಕಿಂತ ಒಪ್ಪುವ ಪದ ಬೇಕಾ?

ಸನ್ನಿವೇಲ್‌ನಿಂದ:

ಬೇಕು. ಹೈಸ್ಕೂಲ್ ಹುಡುಗನಿಗೆ ‘ಶಿರೋಸಂಪರ್ಕ’ ಅಂದರೆ ತಲೆನೋವಿನ ಮಾತ್ರೆ ಅಂದುಕೊಳ್ಳುತ್ತಾನೆ.

ಕನ್ನಡದ್ದೇ ಬೇರಿನಿಂದ ಕಟ್ಟಿ. ಮದರ್‌ಬೋರ್ಡ್: ತಾಯ್ಹಲಗೆ. ಪೋರ್ಟ್: ಕಿಂಡಿ. ಹೆಡರ್: ಮುಳ್ಳುಸಾಲು. ವೈರಿನ ತುದಿಯ ಪ್ಲಗ್: ಚುಚ್ಚುಗ. ಮುಗಿಯಿತು.

ಮೈಸೂರಿನಿಂದ:

ಕೇಳುಗ, ಓದುಗ, ಚುಚ್ಚುಗ. ‘ಗ’ ಹತ್ತಿದರೆ ಆಳು ಬರುತ್ತಾನೆ, ವಸ್ತು ಅಲ್ಲ. ಚುಚ್ಚುಗ ಯಾರು, ಕಾಂಪೌಂಡರಾ?

ಶಿವಮೊಗ್ಗದಿಂದ:

ಇಬ್ಬರಿಗೂ ಒಂದು ಮಾತು. ‘ಶಿರೋಸಂಪರ್ಕ’ ತಪ್ಪು. ಸಕಾರದ ಮುಂದೆ ವಿಸರ್ಗ ಓಕಾರ ಆಗೋದಿಲ್ಲ. ಸಂಸ್ಕೃತದಲ್ಲೇ ಪದ ಮಾಡಲು ಹೊರಟವರು ‘ಶಿರಸ್ಸಂಪರ್ಕ’ ಅಂತಾದರೂ ಬರೆಯಬೇಕು. ಚುಚ್ಚುಗದ ಬಗ್ಗೆ ಏನೂ ಹೇಳೋದಿಲ್ಲ.

ಬೆಂಗಳೂರಿನಿಂದ:

ನಾನು ಎಸ್‌.ಪಿ. ರಸ್ತೆಯಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಅಸೆಂಬಲ್ ಮಾಡಿದವನು. ಕೆಲಸ ಮಾಡುವವರ ಬಾಯಲ್ಲಿ ಏನಿದೆ ಅಂತ ಹೇಳುತ್ತೇನೆ, ಆಮೇಲೆ ನಿಮ್ಮಿಷ್ಟ.

ಅಂಗಡಿಯಲ್ಲಿ ‘ಹೆಡರ್’ ಅನ್ನೋದು ಕಡಿಮೆ. “ಫ್ರಂಟ್ ಯುಎಸ್‌ಬಿ ಪಿನ್ ಕೂರಿಸಿದ್ಯಾ?” ಅಂತಾರೆ. ಕೆಲವರು “ವೈರ್ ಹಾಕಿದ್ಯಾ?” ಅಂತಾರೆ. ಪಿನ್ನು ಅಂದರೆ ಅಲ್ಲಿ ಎಲ್ಲಾನೂ: ಬೋರ್ಡಿನ ಮೇಲಿರೋದೂ ಪಿನ್ನು, ವೈರಿನ ತುದಿಯೂ ಪಿನ್ನು. ಗೊಂದಲ ಆಗಲ್ಲ, ಯಾಕಂದ್ರೆ ಎರಡೂ ಕೈಯಲ್ಲೇ ಇರುತ್ತವೆ. ಗಿರಾಕಿಗಳಂತೂ ಇಡೀ ಕ್ಯಾಬಿನೆಟ್ಟಿಗೇ ‘ಸಿಪಿಯು’ ಅಂತಾರೆ. “ಸಿಪಿಯು ಒರೆಸಿ ಕೊಡಿ” ಅಂತ ತರುತ್ತಾರೆ. ಸಂಪುಟ ಒರೆಸಿ ಕೊಡಿ ಅಂತ ಈವರೆಗೆ ಯಾರೂ ತಂದಿಲ್ಲ.

ಪದಕ್ಕಿಂತ ಮುಖ್ಯವಾದ್ದು ಹಾಳೆಯಲ್ಲಿ ಇದೆಯಾ ನೋಡಿ. ಕ್ಯಾಬಿನೆಟ್ಟಿನ ಮುಂದಿನ ಹೆಡ್‌ಫೋನ್, ಮೈಕಿನ (ಆಡಿಯೋ) ವೈರು ಕೂರುವ ಸಾಲಿನಲ್ಲೂ ಒಂಬತ್ತೇ ಪಿನ್ನು. ನೋಡಲು ಅವಳಿಜವಳಿ. ವ್ಯತ್ಯಾಸ ಒಂದೇ: ಯುಎಸ್‌ಬಿಯಲ್ಲಿ ಒಂಬತ್ತನೇ ಪಿನ್ನು ಇರಲ್ಲ, ಅಂದರೆ ಮೂಲೆ ಖಾಲಿ. ಆಡಿಯೋದಲ್ಲಿ ಎಂಟನೆಯದು ಇರಲ್ಲ, ಮೂಲೆ ಬಿಟ್ಟು ಅದರ ಪಕ್ಕದ್ದು. ವೈರಿನ ಪ್ಲಗ್ಗಿನಲ್ಲೂ ಆ ಜಾಗದ ತೂತು ಮುಚ್ಚಿರುತ್ತೆ. ಹಳೇ ಬೋರ್ಡಾದರೆ ಫೈರ್‌ವೈರ್ ಅಂತ, ವಿಡಿಯೋ ಕ್ಯಾಮೆರಾ ಜೋಡಿಸುತ್ತಿದ್ದ ಹಳೇ ಬಗೆಯ ಪೋರ್ಟಿನದು, ಇನ್ನೊಂದು ಇರಬಹುದು. ಅದರಲ್ಲಿ 12 ವೋಲ್ಟ್ ಬರುತ್ತೆ. ಯುಎಸ್‌ಬಿಯದು 5 ವೋಲ್ಟ್. ಅಲ್ಲಿ ತಪ್ಪಿ ಕೂರಿಸಿ ಪೆನ್‌ಡ್ರೈವ್ ಹಾಕಿದರೆ ಪೆನ್‌ಡ್ರೈವ್ ಹೋಯ್ತು ಅಂತಲೇ ಲೆಕ್ಕ. ಬೋರ್ಡಿನ ಮೇಲೆ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ಎಫ್‌ಯುಎಸ್‌ಬಿ’, ‘ಜೆಯುಎಸ್‌ಬಿ’ ಅಂತೇನಾದರೂ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಅದನ್ನು ಮೊದಲು ಓದಿಸಿ.

ಸನ್ನಿವೇಲ್‌ನಿಂದ:

ಬೋರ್ಡಿನ ಮೇಲೆ ಇಂಗ್ಲಿಷಿದೆ ಅನ್ನೋದು ಇಂಗ್ಲಿಷನ್ನೇ ಇಟ್ಟುಕೊಳ್ಳಲು ನೆಪ ಅಲ್ಲ.

ಬೆಂಗಳೂರಿನಿಂದ:

ನೆಪ ಅಲ್ಲ ಸರ್, ವೋಲ್ಟೇಜು.

ಕುಂದಾಪುರದಿಂದ:

‘ಕಿಂಡಿ’ ಬಗ್ಗೆ ಯಾರೂ ಮಾತಾಡಲಿಲ್ಲ. ಈ ಚರ್ಚೆಯಲ್ಲಿ ಬಂದ ಒಳ್ಳೇ ಪದ ಅದೊಂದೇ.

ಇಂಗ್ಲಿಷಿನಲ್ಲಿ ‘ಪೋರ್ಟ್’ ಎರಡಿವೆ. ಹಡಗು ನಿಲ್ಲುವ ಪೋರ್ಟ್ ಬಂದದ್ದು ಲ್ಯಾಟಿನ್ನಿನ ‘ಪೋರ್ಟಸ್’ನಿಂದ. ಇನ್ನೊಂದರ ಮೂಲ ‘ಪೋರ್ಟಾ’, ಅಂದರೆ ಬಾಗಿಲು. ಹಡಗಿನ ಪಕ್ಕದ ದುಂಡು ಕಿಟಕಿಗೆ ಪೋರ್ಟ್‌ಹೋಲ್ ಅನ್ನೋದು ಈ ಎರಡನೆಯದರಿಂದ. ಕಂಪ್ಯೂಟರಿನ ಪೋರ್ಟೂ ಇದರ ಕಡೆಯದೇ. ಹಾಗಾಗಿ ‘ಬಂದರು’ ಸುಮ್ನೆ ನಗೆಪಾಟಲಲ್ಲ, ಬೇರೆ ಪದದ ಅನುವಾದ. ಮೇಲಾಗಿ ಬಂದರು ಪಾರಸಿಯಿಂದ ಬಂದದ್ದು, ಅಚ್ಚಗನ್ನಡದವರು ಗಮನಿಸಬೇಕು.

ಕಿಂಡಿ ಅಂದರೆ ಇಣುಕಲು ಮಾತ್ರ ಅಂತ ಯಾರಾದರೂ ಕನಕನ ಕಿಂಡಿ ತೋರಿಸುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಮಳೆಗಾಲದಲ್ಲಿ ಹಲಗೆ ತೆಗೆದು ನೀರು ಬಿಡುತ್ತಾರೆ, ಮಳೆ ನಿಂತ ಮೇಲೆ ಹಲಗೆ ಹಾಕಿ ತಡೆಯುತ್ತಾರೆ. ಕಿಂಡಿಯಲ್ಲಿ ಹರಿಯೋದೂ ಉಂಟು. ಯುಎಸ್‌ಬಿಯಲ್ಲಿ ಹರಿಯೋದು ಕರೆಂಟು, ಅಷ್ಟೇ.

ಧಾರವಾಡದಿಂದ:

ಹೆಡರ್ ಏನಾದರೂ ಮಾಡಿಕೊಳ್ಳಿರಿ. ಆದರೆ ಆ ಖಾಲಿ ಜಾಗಕ್ಕೆ ‘ಕೀಲಿ’ ಅಂತ ಮಾತ್ರ ಬರೆಯಬೇಡಿ. ಬರೆಯುತ್ತೀರಿ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ಕೀಬೋರ್ಡನ್ನು ಕೀಲಿಮಣೆ ಮಾಡಿದವರು ನೀವೇ ಅಲ್ಲೇನ್ರಿ. ನಮ್ಮ ಕಡೆ ಕೀಲಿ ಅಂದರೆ ಬೀಗ. ತೆಗೆಯೋದು ಕೀಲಿಕೈ, ಇಲ್ಲಾ ಚಾವಿ. ಚಾವಿ ಪೋರ್ಚುಗೀಸರದ್ದು, ಯಾರೂ ಅದನ್ನು ಹೊರಗೆ ಹಾಕಿಲ್ಲ. ಮೇಜು, ಸಾಬೂನು, ಇಸ್ತ್ರಿ ಇಟ್ಟುಕೊಂಡವರು ಪಿನ್ನಿಗೆ ಯಾಕೆ ಜಗಳಾಡುತ್ತೀರಿ? ಪಿನ್ನು, ಪಿನ್ನಿಗೆ, ಪಿನ್ನಿನಿಂದ. ವಿಭಕ್ತಿ ಹತ್ತಿದ ದಿನವೇ ಅದು ಕನ್ನಡ ಆಯ್ತು.

ಸನ್ನಿವೇಲ್‌ನಿಂದ:

ಹಾಗಾದರೆ ‘ಕನೆಕ್ಟರನ್ನು ಪೋರ್ಟಿನಿಂದ ಹೆಡರಿಗೆ ಅಟ್ಯಾಚಿಸಿ’ ಕೂಡ ಕನ್ನಡವೇ. ವಿಭಕ್ತಿ ಎಲ್ಲ ಸರಿಯಾಗಿ ಹತ್ತಿದೆ. ಶುಭವಾಗಲಿ.

ಶಿವಮೊಗ್ಗದಿಂದ:

ಕ್ರಿಯಾಪದದ ಮಾತು ಬಂತಲ್ಲ. ಮೂಲ ಪ್ರಶ್ನೆಯ ‘ಶೀರ್ಷಿಕೆಗೆ ಸಂಪರ್ಕಿಸಿ’ ಎಲ್ಲರಿಗೂ ಜೀರ್ಣ ಆದ ಹಾಗಿದೆ. ಸಂಪರ್ಕಿಸು ಅಂದರೆ ಕನ್ನಡದಲ್ಲಿ ಆಳನ್ನು ಹುಡುಕಿ ಮಾತಾಡಿಸೋದು. ‘ಹೆಚ್ಚಿನ ವಿವರಗಳಿಗೆ ಸಂಪರ್ಕಿಸಿ’ ಅನ್ನುತ್ತಾರಲ್ಲ, ಹಾಗೆ. ಒಂದನ್ನು ಸಂಪರ್ಕಿಸಬಹುದು. ಒಂದನ್ನು ಇನ್ನೊಂದ‘ಕ್ಕೆ’ ಸಂಪರ್ಕಿಸೋದು ಇಂಗ್ಲಿಷಿನ ನೆರಳು. ಜೋಡಿಸಿ, ಸೇರಿಸಿ, ಸಿಕ್ಕಿಸಿ. ಇಷ್ಟೆಲ್ಲ ಇರುವಾಗ ಅದ್ಯಾಕೆ?

ತುಮಕೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿನವನು ಎರಡು ಸಲ ಫೋನ್ ಮಾಡಿದ. ಹಾಳೆ ಕಳಿಸಿಬಿಟ್ಟೆ. ಹೇಗೆ ತೀರ್ಮಾನ ಮಾಡಿದೆ ಅಂತ ಹೇಳಬೇಕಲ್ವಾ.

ನಿನ್ನೆ ರಾತ್ರಿ ಮನೆಯಲ್ಲಿ ಒಂದು ಕ್ಯಾಬಿನೆಟ್ ಬಿಚ್ಚಿ ನೆಲಕ್ಕೆ ಮಲಗಿಸಿ, ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿಯನ್ನು ಕರೆದೆ. ‘ಮುಳ್ಳುಸಾಲು’ ಅಂದೆ. ಕೈ ಹಿಂದಕ್ಕೆ ತೆಗೆದಳು. ‘ಶಿರಸ್ಸಂಪರ್ಕ’ ಅನ್ನಲು ನನಗೇ ಧೈರ್ಯ ಬರಲಿಲ್ಲ. ಏನೂ ಹೇಳದೆ ಟಾರ್ಚ್ ಹಿಡಿದು ಆ ಒಂಬತ್ತು ಪಿನ್ನು ತೋರಿಸಿದೆ. ಬಗ್ಗಿ ನೋಡಿ, “ಅಂಕಲ್, ಇದಕ್ಕೆ ಒಂದು ಹಲ್ಲು ಬಿದ್ದಿದೆ” ಅಂದಳು. ನನ್ನ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ವೈರಿನ ಪ್ಲಗ್ಗನ್ನೂ ತಿರುಗಿಸಿ ನೋಡಿ, ಮುಚ್ಚಿದ ತೂತನ್ನು ಹಲ್ಲಿಲ್ಲದ ಕಡೆಗೆ ಹಿಡಿದು ಸರಿಯಾಗಿ ಕೂರಿಸಿದಳು. ಬಾಚಣಿಗೆಗೂ ಹಲ್ಲು, ಗರಗಸಕ್ಕೂ ಹಲ್ಲು, ಇದಕ್ಕೆ ಯಾಕೆ ಬೇಡ?

ನೀಲಿ ಬಣ್ಣದ ದಪ್ಪ ಪ್ಲಗ್ಗಿನದೂ ಬರೆದಿದ್ದೇನೆ. 2008ರಲ್ಲಿ ಬಂದ ಯುಎಸ್‌ಬಿ 3ರದ್ದು ಅದು. ಹತ್ತೊಂಬತ್ತು ಪಿನ್ನು, ತುಂಬಾ ಸಣ್ಣವು, ತುಂಬಾ ಹತ್ತಿರ. ಹೋದ ವಾರ ನಾನೇ ಓರೆಯಾಗಿ ಒತ್ತಿ ಒಂದನ್ನು ಬಗ್ಗಿಸಿದ್ದೆ. ಕಡ್ಡಿ ತೆಗೆದ ಕ್ಲಚ್ ಪೆನ್ಸಿಲ್ಲಿನ ತುದಿಯನ್ನು ಪಿನ್ನಿನ ಮೇಲೆ ಇಳಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಆಗ ಬಾಯಿಂದ ಬಂದ ಪದ ಅಚ್ಚಗನ್ನಡದ್ದೇ, ಆದರೆ ಹಾಳೆಗೆ ಆಗೋದಲ್ಲ.

ಕೊನೆಗೆ ಹೀಗಿದೆ: “ಪ್ಲಗ್ಗಿನಲ್ಲಿ ಮುಚ್ಚಿದ ತೂತು ಎಲ್ಲಿದೆ ನೋಡಿ. ಯುಎಸ್‌ಬಿ ಪಿನ್ನಿನ ಸಾಲಿನಲ್ಲಿ ಹಲ್ಲು ಬಿದ್ದ ಜಾಗ ಎಲ್ಲಿದೆ ನೋಡಿ. ಎರಡನ್ನೂ ಒಂದೇ ಕಡೆಗೆ ಹಿಡಿದು, ನೇರವಾಗಿ, ಮೆಲ್ಲಗೆ ಒತ್ತಿ ಕೂರಿಸಿ. ಬಿಗಿ ಅನಿಸಿದರೆ ನಿಲ್ಲಿಸಿ, ಮತ್ತೆ ನೋಡಿ.” ಹೆಡರ್ ಅಂತ ಚಿತ್ರದ ಪಕ್ಕ ಒಂದು ಸಲ ಬರೆದಿದ್ದೇನೆ. ಮದರ್‌ಬೋರ್ಡ್ ಹಾಗೇ ಇದೆ, ಅದರ ಡಬ್ಬಿಯ ಮೇಲೆ ಇರೋದು ಅದೇ. ಮುಂದಿನ ಪೋರ್ಟಿಗೆ ಮಾತ್ರ ‘ಕಿಂಡಿ’ ಹಾಕಿದೆ. ಕುಂದಾಪುರದವರು ಗೆದ್ದರು.

ಸನ್ನಿವೇಲ್‌ನಿಂದ:

ಕಿಂಡಿ ಹೇಳಿದ್ದು ನಾನು.

ಮೈಸೂರಿನಿಂದ:

‘ಹಲ್ಲು ಬಿದ್ದ ಜಾಗ’ ತಪ್ಪು. ಅಲ್ಲಿ ಹಲ್ಲು ಇದ್ದು ಬಿದ್ದದ್ದಲ್ಲ, ಹುಟ್ಟಲೇ ಇಲ್ಲ. ಪ್ರಿಂಟಾಗಿದೆಯಾ, ಇನ್ನೂ ನಿಲ್ಲಿಸಬಹುದಾ?